ಕಲ್ಲು ಹೊರುವ ತಿಂಗಳು

ಚಳಿಗಾಲದುದ್ದಕ್ಕೂ ಗುಡ್ಡ
ಚೂರುಚೂರಾಗಿ ಮೋಸೆಲ್ ನದಿಯ ಕಡೆ ಇಳಿಯುತ್ತದೆ.
ಹಿಮ ಕರಗುವಾಗ ಕೆಳದಾರಿಯ ತುಂಬ ಸ್ಲೇಟು:
ಉಗುರಿನಷ್ಟು, ಅಂಗೈಯಷ್ಟು,
ಕೆಲವು ಬಾಗಿಲ ಹಲಗೆಯಷ್ಟು.
ಫೆಬ್ರವರಿಯಲ್ಲಿ ಅದನ್ನೆಲ್ಲ ಬುಟ್ಟಿಗೆ ತುಂಬಿ
ಮತ್ತೆ ಮೇಲೆ ಒಯ್ಯುತ್ತೇವೆ.

ನನ್ನ ಗಂಡನ ಮನೆತನದ ಚರಿತ್ರೆ ಇಷ್ಟೇ.
ಕಲ್ಲು ಇಳಿಯಿತು. ಹೊತ್ತೆವು.
ಹೊತ್ತು ಹೋಯಿತು.

ನಾನು ಬಯಲಿನವಳು. ಉತ್ತರದ ಕಡಲಂಚಿನ
ಜೇಡಿಮಣ್ಣಿನ ಊರು ನನ್ನದು; ಅಲ್ಲಿ ಎಲ್ಲಕ್ಕಿಂತ ಎತ್ತರದ್ದು
ಎದ್ದು ನಿಂತ ಹಸು.
ಬಂದ ವರ್ಷವೇ ಅತ್ತೆ ಇರ್ಮಿನಾ
ಬೆನ್ನಿಗೆ ಬೆತ್ತದ ಬುಟ್ಟಿ ಕಟ್ಟಿ ಹೇಳಿದ್ದು ಒಂದೇ ಮಾತು:
"ಕೆಳಗೆ ನೋಡಬೇಡ."
ಮೂರನೆಯ ಸಲ ಹತ್ತುವಾಗ ಅತ್ತೆ ನಾನು.
ಅತ್ತೆ ತಿರುಗಿ ನೋಡಲಿಲ್ಲ.

ನೆತ್ತಿಯ ಗೋಡೆಗೆ ಒರಗಿ ಕೂತಾಗ
ಎರಡು ಚೂರು ಕೊಟ್ಟಳು. ಒಂದು ನೀಲಿ, ಒಂದು ಕೆಂಪು.
"ನೆಕ್ಕು."
ನೆಕ್ಕಿದೆ. ಮಳೆ. ಹಳೆಯ ಕೊಳವೆಯ ನೀರು.
ಆಮೇಲೆ ಅಂಚು ತಾಗಿ ನಾಲಿಗೆ ಕೊಯ್ದು
ಎರಡರಲ್ಲೂ ನನ್ನದೇ ರಕ್ತ.
"ಅದೂ ಸರಿಯೇ" ಅಂದಳು.

ಮಾವ ಸಾಯುವ ಮುಂಚೆ ಪಾಲು ಮಾಡಿದ್ದ.
ಕೆಳಗಿನ ನೀಲಿ ನನ್ನ ಓಟ್ಮಾರ್‌ಗೆ,
ಮೇಲಿನ ಕೆಂಪು, ಹನ್ನೊಂದು ಸಾಲು, ತಮ್ಮ ಗೆರ್ವಿನ್‌ಗೆ.
ಒಂದೇ ಬಳ್ಳಿಯ ತುಂಡು, ಒಂದೇ ದಿನದ ಕುಯ್ಲು,
ಒಂದೇ ನೆಲಮಾಳಿಗೆಯಲ್ಲಿ ಅಕ್ಕಪಕ್ಕದ ಪೀಪಾಯಿ.
ನಮ್ಮ ವೈನು ಮೂರು ವರ್ಷ ಬಾಯಿ ಬಿಡುವುದಿಲ್ಲ,
ಬಿಟ್ಟಮೇಲೂ ಅಳೆದು ಮಾತು.
ಗೆರ್ವಿನ್ನನದು ಬಾಟಲಿಯ ಬಿರಡೆ ತೆಗೆಯುವ ಮೊದಲೇ
ಪೀಚು, ಜೇನು, ಹೊಗೆ, ಊರ ಸುದ್ದಿ.

ಊರವರೆಂದರು: ಅಣ್ಣತಮ್ಮಂದಿರ ನಡುವೆ
ಬಯಲಿನವಳು ಹುಳಿ ಹಿಂಡಿದಳು.
ನಾನಲ್ಲ.
ಹುಳಿ ಮೊದಲೇ ಆ ಕಲ್ಲಿನಲ್ಲಿತ್ತು.

ಕೆಂಪು ಚೂರಿಗೆ ಪಾಲುಪಟ್ಟಿ ಓದಲು ಬರುವುದಿಲ್ಲ;
ಚಳಿಗಾಲ ಬಂದರೆ ನಮ್ಮ ಸಾಲಿಗೆ ಇಳಿಯುತ್ತದೆ.
ಗೆರ್ವಿನ್ ಒಂದು ಸಂಜೆ ಬುಟ್ಟಿ ಹಿಡಿದು ಬಂದ.
"ನನ್ನ ಕಲ್ಲು ಕೊಡಿ."
ಮೊಣಕಾಲೂರಿ ಆರಿಸಿದ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ,
ಕತ್ತಲಾದ ಮೇಲೆ ಟಾರ್ಚು ಹಚ್ಚಿ.
ಓಟ್ಮಾರ್ ಬೇಲಿಯ ಬಳಿ ನಿಂತು ಎಣಿಸಿದ.
ಹದಿನಾರು ಫೆಬ್ರವರಿ ಹೀಗೆಯೇ ನಡೆಯಿತು.

ನಡುವೆ ಪಟ್ಟಣದಿಂದ ಮಣ್ಣು ಓದಿದ ಹುಡುಗನೊಬ್ಬ ಬಂದ,
ಗಾಜಿನ ಕೊಳವೆ, ಚೀಟಿ, ಒಳ್ಳೆಯ ಬೂಟು.
ಬೇರು ಕಲ್ಲನ್ನು ಕುಡಿಯುವುದಿಲ್ಲ ಎಂದ.
ಕಲ್ಲು ಹಗಲ ಬಿಸಿಲು ಹಿಡಿದಿಟ್ಟು
ರಾತ್ರಿ ಬಳ್ಳಿಗೆ ಕೊಡುತ್ತದೆ, ಅಷ್ಟೆ.
ಇರ್ಮಿನಾ ಆಲೂಗಡ್ಡೆ ಸುಲಿಯುತ್ತ ಕೇಳಿದಳು:
"ಅಷ್ಟೆ ಅಂದರೆ?
ಇನ್ನೇನು ಕೊಡಬೇಕಿತ್ತು ಅದು?"

ಆಮೇಲೆ ಗೋಡೆ ಒಡೆದ ವರ್ಷ.
ಎರಡು ದಿನ ಮಳೆ, ಮೂರನೆಯ ರಾತ್ರಿ ಸದ್ದು,
ಬೆಳಗ್ಗೆ ನೋಡಿದರೆ ಕೆಂಪು ನೀಲಿ ಒಂದೇ ರಾಶಿ,
ಮಧ್ಯೆ ಬೇರು ಮೇಲಾದ ಮುದಿ ಬಳ್ಳಿ, ಯಾರದೋ ಕಾಲದ ಒಂಟಿ ಬೂಟು.
ಗೆರ್ವಿನ್ ಬಂದ. ಬುಟ್ಟಿ ಇತ್ತು.
ಬಗ್ಗಿ ಒಂದು ಚೂರು ಎತ್ತಿದ, ಇನ್ನೊಂದು ಎತ್ತಿದ,
ನಕ್ಕ. ಅವನು ನಗುವುದನ್ನು ನಾನು ಕಂಡಿದ್ದು ಅದೇ ಮೊದಲು,
ಒಂದು ಹಲ್ಲು ಇರಲಿಲ್ಲ.
ಮೂವರೂ ಸಿಕ್ಕಿದ್ದನ್ನು ಹೊತ್ತೆವು.

ಆ ವರ್ಷದ ವೈನು ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ.
ಸಾಧಾರಣ. ಬೇಸಿಗೆಯೇ ಸರಿಯಿರಲಿಲ್ಲ.

ಇರ್ಮಿನಾ ಹೋದಮೇಲೆ ಅವಳ ಏಪ್ರನ್ ಒಗೆಯುವಾಗ
ಜೇಬಿನಲ್ಲಿ ಒಂದು ಚೂರು ಸಿಕ್ಕಿತು, ಅಂಚು ಸವೆದದ್ದು.
ಸವೆದು ಸವೆದು ಅದರ ಬಣ್ಣ ಹೋಗಿತ್ತು.
ನೆಕ್ಕಿ ನೋಡಿದೆ. ಸಾಬೂನು.
ಮರುದಿನ ಬುಟ್ಟಿಗೆ ಹಾಕಿಕೊಂಡು ಹತ್ತಿದೆ;
ಯಾವ ಸಾಲಿನದೆಂದು ಕೇಳಲು ಯಾರೂ ಇರಲಿಲ್ಲ.
ಎಲ್ಲಿ ಉಸಿರು ಕಟ್ಟಿತೋ
ಅಲ್ಲಿ ಇಳಿಸಿದೆ.